ರಹೀಂ ಸಾಹೇಬರು: ಶಾಲಾ ಮೇಷ್ಟ್ರೊಬ್ಬರು ಭಾರತಕ್ಕೆ ಫುಟ್‌ಬಾಲ್ ಕಲಿಸಿದ ಕಥೆ



ನಮ್ಮ ಸ್ಮರಣೆ ಅಂಕಣದಲ್ಲಿ ಇದುವರೆಗೆ ಕವಿಗಳು, ಕನ್ನಡ ಶಾಲೆ ಕಟ್ಟಿದವರು, ಏಕೀಕರಣಕ್ಕೆ ದುಡಿದವರು ಬಂದುಹೋಗಿದ್ದಾರೆ. ಈ ಸಲ ಒಬ್ಬ ಫುಟ್‌ಬಾಲ್ ಮೇಷ್ಟ್ರನ್ನು ನೆನೆಯೋಣ. ಅವರ ಮನೆಮಾತು ಕನ್ನಡವಲ್ಲ, ಉರ್ದು. ಊರು ಹೈದರಾಬಾದು. ಆದರೆ ಬೀದರ, ಕಲಬುರಗಿ, ರಾಯಚೂರುಗಳೂ ಇಂದು ತೆಲಂಗಾಣದಲ್ಲಿ ಉಳಿದಿರುವ ನಮ್ಮ ಕನ್ನಡ ಊರುಗಳೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದ ಕಾಲದವರು ಅವರು. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಓದಿದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲೇ ಅವರೂ ಓದಿದ್ದು. ಹಾಗಾಗಿ ಪೂರ್ತಿ ಪರರೆನ್ನುವ ಹಾಗಿಲ್ಲ.

ಇವರ ನೆನಪು ಬರಲು ಒಂದು ಕಾರಣವಿದೆ. ಹೋದ ವಾರ್ಷಿಕೋತ್ಸವದ ಮಕ್ಕಳ ಫುಟ್‌ಬಾಲ್ ಪಂದ್ಯವನ್ನು ನೋಡಿದವರು ಮರೆತಿರಲಾರರು. ನಮ್ಮ ಹುಡುಗರು ಒಂದು ಗೋಲಿನಿಂದ ಹಿಂದಿದ್ದಾಗ ಅವರನ್ನು ಸಿದ್ಧಪಡಿಸಿದ್ದ ಮೇಷ್ಟ್ರು, ಹಿಂದೆ ನಿಂತು ಗೋಲು ಕಾಯುತ್ತಿದ್ದ ಎತ್ತರದ ಹುಡುಗನನ್ನು ಮುಂದಕ್ಕೆ ಕಳಿಸಿದರು. ಅವನೇ ಸಮ ಮಾಡುವ ಗೋಲು ಹೊಡೆದ. ಆದರೆ ಹಿಂದೆ ಜಾಗ ಖಾಲಿ ಬಿದ್ದು ಎದುರಿನವರು ಇನ್ನೊಂದು ಹೊಡೆದರು, ನಾವು ಸೋತೆವು. ಗೆರೆಯಾಚೆ ನಿಂತಿದ್ದ ದೊಡ್ಡವರೆಲ್ಲ ಮೇಷ್ಟ್ರನ್ನು ಹಿಡಿದುಕೊಂಡರು. ಕಾಯುವವನನ್ನು ಯಾರಾದರೂ ಮುಂದೆ ಕಳಿಸುತ್ತಾರೆಯೇ ಎಂದು ಗದರಿದವರಲ್ಲಿ ನಾನೂ ಒಬ್ಬ. ಮನೆಗೆ ಬಂದು ರಾತ್ರಿ ಮಲಗಿದಾಗ, ನಮ್ಮ ತಂದೆಯವರು ಹೇಳುತ್ತಿದ್ದ ಜಕಾರ್ತಾ ಪಂದ್ಯದ ಕಥೆ ತಟ್ಟನೆ ನೆನಪಾಯಿತು. ಅಲ್ಲಿಯೂ ಒಬ್ಬ ಮೇಷ್ಟ್ರು ಇದನ್ನೇ ಮಾಡಿದ್ದರು. ಗೆದ್ದರೆಂದು ಅವರನ್ನು ದೇಶ ಹೊಗಳಿತು, ಅಷ್ಟೇ ವ್ಯತ್ಯಾಸ. ಆ ಮೇಷ್ಟ್ರೇ ಸೈಯದ್ ಅಬ್ದುಲ್ ರಹೀಂ.

ಶಾಲೆಯಿಂದ ಮೈದಾನಕ್ಕೆ

ರಹೀಂ ಸಾಹೇಬರು ಹುಟ್ಟಿದ್ದು 1909ರ ಆಗಸ್ಟ್ 17ರಂದು, ಹೈದರಾಬಾದಿನಲ್ಲಿ. ಉಸ್ಮಾನಿಯಾದಲ್ಲಿ ಓದುವಾಗ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದರು, ಆಮೇಲೆ ಊರಿನ ಕ್ಲಬ್ಬುಗಳಲ್ಲೂ ಆಡಿದರು. ಒಳ್ಳೆಯ ಆಟಗಾರರೇ, ಆದರೆ ಹೆಸರು ಮಾಡಿದ್ದು ಆಟದಿಂದಲ್ಲ. ಪದವಿ ಮುಗಿಸಿ ಶಾಲಾ ಶಿಕ್ಷಕರಾದರು. ಕಾಚಿಗುಡ, ಚಾದರ್‌ಘಾಟ್ ಮುಂತಾದ ಕಡೆಯ ಶಾಲೆಗಳಲ್ಲಿ ಪಾಠ ಹೇಳಿದರು. ನಡುವೆ ದೈಹಿಕ ಶಿಕ್ಷಣದ ಡಿಪ್ಲೊಮಾ ಮಾಡಿಕೊಂಡು ಶಾಲೆಯ ಆಟೋಟಗಳನ್ನು ನೋಡಿಕೊಂಡರು.

1940ರ ದಶಕದ ಮೊದಲಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. ಸಾಯುವ ತನಕ ಆ ಕೆಲಸ ಬಿಡಲಿಲ್ಲ. ಕಾರ್ಯದರ್ಶಿಯ ಕೆಲಸವೇನೆಂದು ನನಗೆ ಗೊತ್ತು: ಪತ್ರ ಬರೆಯುವುದು, ಮೈದಾನ ಕೇಳಿ ಅಲೆಯುವುದು, ಲೆಕ್ಕ ಒಪ್ಪಿಸುವುದು, ಎಲ್ಲರಿಂದಲೂ ಬೈಸಿಕೊಳ್ಳುವುದು. ರಹೀಂ ಸಾಹೇಬರು ಇವೆಲ್ಲದರ ಜೊತೆಗೆ ಇನ್ನೊಂದು ಕೆಲಸ ಮಾಡಿದರು. ಹುಡುಗರಿಗಾಗಿ ಹೊಸ ಹೊಸ ಬಗೆಯ ಪಂದ್ಯಾವಳಿಗಳನ್ನು ಶುರುಮಾಡಿದರು.

ಆ ಪಂದ್ಯಾವಳಿಗಳ ನಿಯಮ ಕೇಳಿದರೆ ಇಂದಿಗೂ ಬೆರಗಾಗುತ್ತದೆ. ಒಂದರಲ್ಲಿ ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಎದುರಿನವರನ್ನು ತಪ್ಪಿಸುತ್ತ ಓಡುವ ಹಾಗಿಲ್ಲ. ಬಂದ ಕೂಡಲೇ ಜೊತೆಗಾರನಿಗೆ ಕೊಡಬೇಕು. ಇನ್ನೊಂದರಲ್ಲಿ ಬಲಗಾಲಿನವನು ಎಡಗಾಲಿನಿಂದಲೇ ಆಡಬೇಕು. ಮತ್ತೊಂದರಲ್ಲಿ ಇಂತಿಷ್ಟೇ ಎತ್ತರದ ಹುಡುಗರು ಮಾತ್ರ, ಸಣ್ಣವರು ದೊಡ್ಡವರ ಕಾಲಡಿ ಸಿಕ್ಕಬಾರದೆಂದು. ಆ ಕಾಲದಲ್ಲಿ ಜನ ಮೈದಾನಕ್ಕೆ ಬರುತ್ತಿದ್ದುದೇ ಒಬ್ಬೊಬ್ಬ ಆಟಗಾರನ ಕಾಲಚಳಕ ನೋಡಲು. ನಾಲ್ಕು ಜನರನ್ನು ತಪ್ಪಿಸಿಕೊಂಡು ಹೋದವನಿಗೆ ಚಪ್ಪಾಳೆ. ರಹೀಂ ಅವರ ಲೆಕ್ಕ ಬೇರೆ. ಮನುಷ್ಯನಿಗಿಂತ ಚೆಂಡು ಬೇಗ ಓಡುತ್ತದೆ, ಆದ್ದರಿಂದ ಚೆಂಡನ್ನೇ ಓಡಿಸಬೇಕು ಎಂಬುದು ಅವರ ಪಾಠದ ಸಾರ.

1950ರಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡದ ತರಬೇತಿ ಅವರ ಕೈಗೆ ಬಂತು. ಅದೇ ವರ್ಷ ಡ್ಯುರಾಂಡ್ ಕಪ್ ಫೈನಲ್‌ನಲ್ಲಿ ಕಲ್ಕತ್ತದ ಮೋಹನ್ ಬಾಗಾನ್ ಎರಡು ಗೋಲು ಮುಂದಿದ್ದರೂ ಪೊಲೀಸ್ ತಂಡ ಸಮ ಮಾಡಿತು, ಮರುಪಂದ್ಯದಲ್ಲಿ ಗೆದ್ದು ಕಪ್ ಒಯ್ದಿತು. ಮುಂಬೈಯ ರೋವರ್ಸ್ ಕಪ್ಪನ್ನಂತೂ 1950ರಿಂದ 1954ರವರೆಗೆ ಐದು ವರ್ಷ ಸತತವಾಗಿ ಗೆದ್ದಿತು. ಇಲ್ಲಿ ನಮ್ಮ ಹೆಮ್ಮೆಯ ಮಾತೊಂದನ್ನು ಸೇರಿಸಲೇಬೇಕು. ಅದೇ ರೋವರ್ಸ್ ಕಪ್ಪನ್ನು ಮಿಲಿಟರಿ ತಂಡಗಳ ಕೈಯಿಂದ ಮೊದಲು ಕಸಿದುಕೊಂಡ ಭಾರತೀಯ ತಂಡ 1937ರ ಬೆಂಗಳೂರು ಮುಸ್ಲಿಮ್ಸ್. ಕಲ್ಕತ್ತ, ಹೈದರಾಬಾದುಗಳ ಜೊತೆ ಬೆಂಗಳೂರೂ ಫುಟ್‌ಬಾಲಿನ ದೊಡ್ಡ ಊರೇ ಆಗಿತ್ತು. ಮೈಸೂರು ತಂಡ 1946ರಲ್ಲೂ 1952ರಲ್ಲೂ ಸಂತೋಷ್ ಟ್ರೋಫಿ ಗೆದ್ದಿತ್ತು.

ಒಂದು ಚಿನ್ನ, ಒಂದು ಪೆಟ್ಟು

1951ರಲ್ಲಿ ದೆಹಲಿಯಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ. ಭಾರತ ತಂಡಕ್ಕೆ ರಹೀಂ ಅವರೇ ಕೋಚ್. ಶೈಲೇನ್ ಮನ್ನಾ ನಾಯಕ. ಫೈನಲ್‌ನಲ್ಲಿ ಮೇವಾಲಾಲ್ ಹೊಡೆದ ಒಂದೇ ಗೋಲಿನಿಂದ ಇರಾನನ್ನು ಸೋಲಿಸಿ ಭಾರತ ಚಿನ್ನ ಗೆದ್ದಿತು.

ಮರುವರ್ಷವೇ ಪೆಟ್ಟು ಬಿತ್ತು. 1952ರ ಜುಲೈಯಲ್ಲಿ ಹೆಲ್ಸಿಂಕಿ ಒಲಿಂಪಿಕ್ಸ್. ಎದುರಾಳಿ ಯುಗೊಸ್ಲಾವಿಯ. ನಮ್ಮವರಲ್ಲಿ ಹಲವರು ಬರಿಗಾಲಲ್ಲಿ ಆಡಿದರು. ಇಲ್ಲಿಯ ಒಣ ನೆಲದಲ್ಲಿ ಬರಿಗಾಲಿನ ಆಟ ಚೆಂದವೇ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನ ಮೇಲೆ ಅದೇ ಬರಿಗಾಲಲ್ಲಿ ಆಡಿ 1-2ರಿಂದ ಸೋತರೂ ಹೊಗಳಿಸಿಕೊಂಡಿದ್ದರು. ಆ ಒಂದು ಗೋಲು ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. ಆದರೆ ಹೆಲ್ಸಿಂಕಿಯ ಚಳಿಯಲ್ಲಿ ಅದು ನಡೆಯಲಿಲ್ಲ. ಭಾರತ 1-10ರಿಂದ ಸೋತಿತು. ಆ ಒಂದು ಗೋಲು ಕೂಡ ಬೆಂಗಳೂರಿನ ಅಹ್ಮದ್ ಖಾನ್ ಅವರದೇ.

ಹತ್ತು ಗೋಲು ತಿಂದ ತಂಡದ ಕೋಚ್ ಆಗಿ ಊರಿಗೆ ಮರಳುವುದು ಎಂದರೆ ಏನೆಂದು ಊಹಿಸಿಕೊಳ್ಳಿ. ರಹೀಂ ಸಾಹೇಬರು ಅಲ್ಲಿಂದ ಪಾಠ ಹೊತ್ತು ತಂದರು. ಬೂಟು ಕಡ್ಡಾಯವಾಯಿತು. ಅದು ಹೊರಗೆ ಕಾಣುವ ಬದಲಾವಣೆ. ಒಳಗಿನ ಬದಲಾವಣೆ ಇನ್ನೂ ದೊಡ್ಡದು, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಆಗ ಎಲ್ಲ ಕಡೆ ನಡೆಯುತ್ತಿದ್ದುದು ಇಂಗ್ಲಿಷರ ಕ್ರಮ. ಹಿಂದೆ ಮೂವರು, ನಡುವೆ ನಾಲ್ವರು, ಮುಂದೆ ಮೂವರು. ಮೇಲಿನಿಂದ ನೋಡಿದರೆ ಇಂಗ್ಲಿಷಿನ ಡಬ್ಲ್ಯೂ ಮತ್ತು ಎಂ ಅಕ್ಷರಗಳ ಹಾಗೆ ಕಾಣುತ್ತದೆಂದು ಅದಕ್ಕೆ ಅದೇ ಹೆಸರು. ಎರಡೂ ತಂಡ ಹೀಗೇ ನಿಂತರೆ ಒಬ್ಬೊಬ್ಬನಿಗೆ ಒಬ್ಬೊಬ್ಬ ಕಾವಲು. ನಡು ಮುಂಚೂಣಿಯವನನ್ನು ಎದುರಿನ ನಡು ಕಾವಲುಗಾರ ನೆರಳಿನಂತೆ ಹಿಡಿದಿರುತ್ತಾನೆ. ಹಂಗೇರಿಯವರು ಇದಕ್ಕೊಂದು ಉಪಾಯ ಕಂಡರು. ನಡು ಮುಂಚೂಣಿಯವನು ಮುಂದೆ ನಿಲ್ಲದೆ ಹಿಂದಕ್ಕೆ ಸರಿದು ಆಡಿದ. ಈಗ ಕಾವಲುಗಾರ ಏನು ಮಾಡಬೇಕು? ಹಿಂಬಾಲಿಸಿ ಹೋದರೆ ಅವನ ಬೆನ್ನ ಹಿಂದೆ ಬಾಗಿಲು ತೆರೆದಂತೆ. ಹೋಗದೆ ನಿಂತರೆ ಆ ಆಟಗಾರ ಯಾರ ಕಾಟವೂ ಇಲ್ಲದೆ ಚೆಂಡು ಹಂಚುತ್ತಾನೆ. 1953ರ ನವೆಂಬರಿನಲ್ಲಿ ಇಂಗ್ಲೆಂಡನ್ನು ಅದರದೇ ವೆಂಬ್ಲಿಯಲ್ಲಿ 6-3ರಿಂದ ಹಂಗೇರಿ ಸೋಲಿಸಿದ್ದು ಹೀಗೆಯೇ.

ಆಗ ನಮ್ಮಲ್ಲಿ ಟಿವಿ ಇರಲಿಲ್ಲ. ಯುರೋಪಿನ ಪಂದ್ಯವನ್ನು ನಾವು ಓದಿ ತಿಳಿಯಬೇಕಿತ್ತು. ಹೈದರಾಬಾದಿನ ಮೇಷ್ಟ್ರು ಈ ಉಪಾಯವನ್ನು ಅರ್ಥಮಾಡಿಕೊಂಡು ನಮ್ಮ ಹುಡುಗರ ಕಾಲಿಗೆ ಇಳಿಸಿದರು. ಇಂಗ್ಲಿಷರು ಬಿಟ್ಟುಹೋದ ಕ್ರಮವೇ ವೇದವಾಕ್ಯವೆಂದು ಕುಳಿತಿದ್ದ ಕಾಲದಲ್ಲಿ ಇದು ಸಣ್ಣ ಧೈರ್ಯವಲ್ಲ.

1956: ರಾಜ್ಯ ಒಡೆಯಿತು, ತಂಡ ಒಡೆಯಲಿಲ್ಲ

1956ರ ನವೆಂಬರ್ 1 ನಮಗೆಲ್ಲ ಗೊತ್ತಿರುವ ದಿನ. ಮೈಸೂರು ರಾಜ್ಯ ವಿಶಾಲವಾಯಿತು. ಅದೇ ದಿನ ಹೈದರಾಬಾದ್ ರಾಜ್ಯ ನಕ್ಷೆಯಿಂದ ಮಾಯವಾಗಿ ಮೂರು ಪಾಲಾಯಿತು. ನಮ್ಮಂಥವರ ಊರುಗಳು ಗೆರೆಯ ಈಚೆಗೋ ಆಚೆಗೋ ಉಳಿದವು. ಕಾಸರಗೋಡು, ಸೊಲ್ಲಾಪುರ, ಅಕ್ಕಲಕೋಟೆ, ಆದೋನಿಯವರಿಗೆ ಆ ದಿನದ ಸಂತೋಷದ ಜೊತೆ ನೋವೂ ನೆನಪಿದೆ.

ಮೂರು ವಾರಕ್ಕೆ ಮೆಲ್ಬರ್ನ್ ಒಲಿಂಪಿಕ್ಸ್ ಶುರುವಾಯಿತು. ರಹೀಂ ಅವರ ತಂಡದಲ್ಲಿ ಹೈದರಾಬಾದಿನ ಅಜೀಜುದ್ದೀನ್, ನೂರ್ ಮಹಮ್ಮದ್, ಜುಲ್ಫಿಕರುದ್ದೀನ್, ಸಿಕಂದರಾಬಾದ್ ಕಡೆಯ ತುಳಸೀದಾಸ್ ಬಲರಾಂ ಇದ್ದರು. ಮೈಸೂರಿನ ಕಡೆಯಿಂದ ಕೆಂಪಯ್ಯ ಇದ್ದರು. ಬಂಗಾಳದ ಬದ್ರು ಬ್ಯಾನರ್ಜಿ ನಾಯಕ. ಗೋಲ್‌ಕೀಪರ್ ಪೀಟರ್ ತಂಗರಾಜ್. ತಂಗರಾಜ್ ಅವರ ಸೈನ್ಯದ ತಂಡ ಮದ್ರಾಸ್ ರೆಜಿಮೆಂಟಲ್ ಸೆಂಟರ್, ಅಂದರೆ ನಮ್ಮ ನೀಲಗಿರಿ ಸದಸ್ಯರಿಗೆ ಚಿರಪರಿಚಿತವಾದ ವೆಲ್ಲಿಂಗ್ಟನ್‌ನದು. 1955ರ ಡ್ಯುರಾಂಡ್ ಕಪ್ಪನ್ನು ಆ ತಂಡವೇ ಗೆದ್ದಿತ್ತು. ಮುಂದೆ ಗೋಲು ಹೊಡೆಯಲು ಗೋವಾ ಮೂಲದ ನೆವಿಲ್ ಡಿಸೋಜಾ.

ಬಲರಾಂ ಅವರ ವಿಚಾರ ಒಂದು ಮಾತು. ಬಡ ಮನೆಯ ಹುಡುಗ. ಹೈದರಾಬಾದಿನ ತರಬೇತಿಗೆ ಬರಲು ಬಸ್ಸಿನ ಕಾಸಿಗೂ ತತ್ವಾರ. ರಹೀಂ ಸಾಹೇಬರು ಬಾಡಿಗೆ ಸೈಕಲ್ಲಿಗೆ ದುಡ್ಡು ಕೊಟ್ಟು ಕರೆಸಿಕೊಂಡರು. ಆ ಹುಡುಗನೇ ಮುಂದೆ ದೇಶದ ಅತ್ಯುತ್ತಮ ಮುಂಚೂಣಿ ಆಟಗಾರರಲ್ಲಿ ಒಬ್ಬನಾದ.

ಮೆಲ್ಬರ್ನ್‌ನಲ್ಲಿ ಮೊದಲ ಸುತ್ತಿನ ಎದುರಾಳಿ ಹಂಗೇರಿ ಬರಲಿಲ್ಲ. ಡಿಸೆಂಬರ್ 1ರಂದು ಆತಿಥೇಯ ಆಸ್ಟ್ರೇಲಿಯಾವನ್ನು ಭಾರತ 4-2ರಿಂದ ಸೋಲಿಸಿತು. ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು. ಒಲಿಂಪಿಕ್ ಫುಟ್‌ಬಾಲಿನಲ್ಲಿ ಹ್ಯಾಟ್ರಿಕ್ ಸಾಧಿಸಿದ ಮೊದಲ ಏಷ್ಯಾದವರು ಅವರು. ಸೆಮಿಫೈನಲ್‌ನಲ್ಲಿ ಮತ್ತೆ ಅದೇ ಯುಗೊಸ್ಲಾವಿಯ. ನಾಲ್ಕು ವರ್ಷದ ಹಿಂದೆ ಹತ್ತು ಗೋಲು ಹೊಡೆದವರು. ಈ ಸಲ ಮೊದಲಾರ್ಧದಲ್ಲಿ ಅವರಿಗೆ ಒಂದೂ ಗೋಲು ಸಿಗಲಿಲ್ಲ. ವಿರಾಮದ ನಂತರ ಡಿಸೋಜಾ ಗೋಲು ಹೊಡೆದು ಭಾರತವೇ ಮುಂದಾಯಿತು. ಆಮೇಲೆ ಯುಗೊಸ್ಲಾವಿಯದವರ ಬಲ ಮೇಲಾಗಿ 1-4ರಿಂದ ಸೋತೆವು. ಕಂಚಿನ ಪಂದ್ಯದಲ್ಲಿ ಬಲ್ಗೇರಿಯ 3-0ರಿಂದ ಗೆದ್ದಿತು. ಭಾರತಕ್ಕೆ ನಾಲ್ಕನೆಯ ಸ್ಥಾನ. ಒಲಿಂಪಿಕ್ ಫುಟ್‌ಬಾಲಿನಲ್ಲಿ ಭಾರತ ಅಷ್ಟು ಮೇಲೆ ಹೋದದ್ದು ಅದೊಂದೇ ಸಲ.

1960ರ ರೋಮ್ ಒಲಿಂಪಿಕ್ಸ್‌ಗೂ ಅವರೇ ಕೋಚ್. ಹಂಗೇರಿಗೆ 1-2ರಿಂದ ಸೋತರು, ಫ್ರಾನ್ಸ್ ಜೊತೆ 1-1 ಸಮ ಮಾಡಿಕೊಂಡರು, ಪೆರುವಿಗೆ 1-3ರಿಂದ ಸೋತು ಮರಳಿದರು. ಆ ತಂಡದಲ್ಲಿ ಅವರ ಮಗ ಸೈಯದ್ ಶಾಹಿದ್ ಹಕೀಂ ಕೂಡ ಇದ್ದರು. ಆದರೆ ಮಗನನ್ನು ಒಂದು ಪಂದ್ಯಕ್ಕೂ ಇಳಿಸಲಿಲ್ಲ. 1962ರ ತಂಡದಲ್ಲಂತೂ ಮಗನ ಹೆಸರೇ ಇರಲಿಲ್ಲ. ಹಕೀಂ ಅವರು ಮುಂದೆ ಅಂತರರಾಷ್ಟ್ರೀಯ ರೆಫರಿಯಾಗಿ ಹೆಸರು ಮಾಡಿದರು. ತಂದೆ ಕೋಚ್ ಆಗಿದ್ದೂ ಮಗ ಹೊರಗೆ ಕೂತದ್ದನ್ನು ನಮ್ಮ ಸಂಘ ಸಂಸ್ಥೆಗಳವರು ಒಮ್ಮೆ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಜಕಾರ್ತಾದ ಹತ್ತು ದಿನ

ಈಗ ಮುಖ್ಯ ಕಥೆಗೆ ಬರೋಣ. 1962ರ ಆಗಸ್ಟ್ ಕೊನೆ, ನಾಲ್ಕನೆಯ ಏಷ್ಯನ್ ಕ್ರೀಡಾಕೂಟ, ಇಂಡೋನೇಷ್ಯಾದ ಜಕಾರ್ತಾ. ಚುನಿ ಗೋಸ್ವಾಮಿ ನಾಯಕ. ಪಿ.ಕೆ. ಬ್ಯಾನರ್ಜಿ, ಬಲರಾಂ, ಹೈದರಾಬಾದಿನ ಯೂಸುಫ್ ಖಾನ್ ಮುಂಚೂಣಿಯಲ್ಲಿ. ಹಿಂದೆ ಪಂಜಾಬಿನ ಜರ್ನೈಲ್ ಸಿಂಗ್ ಮತ್ತು ತ್ರಿಲೋಕ್ ಸಿಂಗ್, ಬಂಗಾಳದ ಅರುಣ್ ಘೋಷ್, ಕೇರಳದ ಚಂದ್ರಶೇಖರನ್. ನಡುವೆ ಗೋವಾದ ಫೋರ್ಚುನಾಟೊ ಫ್ರಾಂಕೊ ಮತ್ತು ಪ್ರಶಾಂತ ಸಿನ್ಹಾ. ಆ ಹೊತ್ತಿಗಾಗಲೇ ರಹೀಂ ಸಾಹೇಬರ ಶ್ವಾಸಕೋಶವನ್ನು ಕ್ಯಾನ್ಸರ್ ಹಿಡಿದಿತ್ತು. ಸಿಗರೇಟು ಬಿಡದ ಮನುಷ್ಯ. ದೇಹ ಸೊರಗುತ್ತಿತ್ತು, ಕೆಮ್ಮು ಬಿಡುತ್ತಿರಲಿಲ್ಲ.

ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ಭಾರತವನ್ನು 2-0ಯಿಂದ ಸೋಲಿಸಿತು. ಎರಡನೆಯ ಪಂದ್ಯದಲ್ಲಿ ಥಾಯ್ಲೆಂಡನ್ನು 4-1ರಿಂದ ಗೆದ್ದರೂ ಜರ್ನೈಲ್ ಸಿಂಗ್ ತಲೆಗೆ ಪೆಟ್ಟು ಬಿದ್ದು ಆರು ಹೊಲಿಗೆ ಹಾಕಿಸಿಕೊಳ್ಳಬೇಕಾಯಿತು. ಗೋಲ್‌ಕೀಪರ್ ತಂಗರಾಜ್ ಜ್ವರದಿಂದ ಮಲಗಿದ್ದರು, ಅವರ ಜಾಗದಲ್ಲಿ ಪ್ರದ್ಯುತ್ ಬರ್ಮನ್ ನಿಂತರು. ಜರ್ನೈಲ್ ಇಲ್ಲದೆಯೇ ಜಪಾನನ್ನು 2-0ಯಿಂದ ಗೆದ್ದು ಸೆಮಿಫೈನಲ್ ಸೇರಿದ್ದಾಯಿತು.

ಇಲ್ಲಿ ಒಂದು ಮಾತು ನೆನಪಿಡಬೇಕು. ಇಂದಿನ ಹಾಗೆ ಪಂದ್ಯದ ನಡುವೆ ಆಟಗಾರರನ್ನು ಬದಲಾಯಿಸುವ ಸೌಲಭ್ಯ ಆಗ ಇರಲಿಲ್ಲ. ಇಳಿಸಿದ ಹನ್ನೊಂದು ಜನರಲ್ಲೇ ಕೊನೆಯವರೆಗೆ ನಿಭಾಯಿಸಬೇಕು. ಒಬ್ಬ ಕುಂಟಿದರೆ ಹತ್ತು ಜನರ ತಂಡ. ಹಾಗಾಗಿ ಕೋಚ್ ಪಂದ್ಯದೊಳಗೆ ಮಾಡಬಹುದಾದ ದೊಡ್ಡ ನಿರ್ಧಾರಗಳೆಲ್ಲ ಪಂದ್ಯ ಶುರುವಾಗುವ ಮೊದಲೇ ಆಗಿಹೋಗಿರಬೇಕು. ತಪ್ಪಿದರೆ ತಿದ್ದಲು ದಾರಿಯಿಲ್ಲ.

ಸೆಮಿಫೈನಲ್ ದಕ್ಷಿಣ ವಿಯೆಟ್ನಾಂ ಮೇಲೆ. ಜರ್ನೈಲ್ ಅವರನ್ನು ಆಡಿಸಬೇಕೋ ಬಿಡಬೇಕೋ? ಹಿಂದೆ ಕಾವಲು ನಿಂತವನು ದಿನವಿಡೀ ಎದುರಿನವರ ತಲೆಗೆ ತಲೆ ಕೊಟ್ಟು ಚೆಂಡು ತಡೆಯಬೇಕು. ಹೊಲಿಗೆ ಹಾಕಿದ ತಲೆಯಲ್ಲಿ ಅದು ಆಗದ ಮಾತು. ಹೊರಗೆ ಕೂರಿಸಿದರೆ ತಂಡದ ಅತ್ಯಂತ ಗಟ್ಟಿ ಆಳೇ ಇಲ್ಲ. ರಹೀಂ ಸಾಹೇಬರು ಎರಡನ್ನೂ ಬಿಟ್ಟು ಮೂರನೆಯ ದಾರಿ ಹಿಡಿದರು. ಜರ್ನೈಲ್ ಕಾಲೇಜು ದಿನಗಳಲ್ಲಿ ಮುಂಚೂಣಿಯಲ್ಲಿ ಆಡಿದವರೆಂಬುದು ಅವರ ನೆನಪಿನಲ್ಲಿತ್ತು. ಏಷ್ಯಾದ ಅತ್ಯುತ್ತಮ ಕಾವಲುಗಾರನೆಂದು ಹೆಸರಾದವರನ್ನು ನಡು ಮುಂಚೂಣಿಗೆ ಕಳಿಸಿದರು! ಹಿಂದಿನ ಅವರ ಜಾಗಕ್ಕೆ ಅರುಣ್ ಘೋಷ್ ಅವರನ್ನು ನಿಲ್ಲಿಸಿದರು.

ನಮ್ಮ ವಾರ್ಷಿಕೋತ್ಸವದ ಗೆರೆಯಾಚೆ ನಿಂತಿದ್ದ ನಾವು ಅಲ್ಲಿದ್ದಿದ್ದರೆ ಏನೆನ್ನುತ್ತಿದ್ದೆವೋ ನೀವೇ ಯೋಚಿಸಿ.

ಭಾರತ ಎರಡು ಗೋಲು ಮುಂದಾಯಿತು. ವಿಯೆಟ್ನಾಂ ಎರಡನ್ನೂ ತೀರಿಸಿ ಸಮ ಮಾಡಿತು. ಅಂದರೆ ಹಿಂದಿನ ಕಾವಲು ಸಡಿಲವಾದದ್ದು ನಿಜವೇ. ರಹೀಂ ಅವರು ಹೆದರಿ ಜರ್ನೈಲ್ ಅವರನ್ನು ಹಿಂದಕ್ಕೆ ಕರೆಸಿಕೊಳ್ಳಲಿಲ್ಲ. ಕೊನೆಗೆ ಚುನಿ ಗೋಸ್ವಾಮಿ ಗೆಲುವಿನ ಗೋಲು ಹೊಡೆದರು. 3-2. ಜರ್ನೈಲ್ ಅವರದೂ ಒಂದು ಗೋಲಿತ್ತು.

ಫೈನಲ್‌ನಲ್ಲಿ ಮತ್ತೆ ದಕ್ಷಿಣ ಕೊರಿಯಾ, ಮೊದಲ ಪಂದ್ಯದಲ್ಲಿ ಸೋಲಿಸಿದವರೇ. ಅಷ್ಟರಲ್ಲಿ ಮೈದಾನದ ಹೊರಗಿನ ಗಾಳಿಯೂ ಕೆಟ್ಟಿತ್ತು. ಇಸ್ರೇಲ್ ಮತ್ತು ತೈವಾನ್ ಆಟಗಾರರಿಗೆ ಇಂಡೋನೇಷ್ಯಾ ಪ್ರವೇಶ ಕೊಟ್ಟಿರಲಿಲ್ಲ. ಏಷ್ಯನ್ ಕ್ರೀಡಾ ಸಂಘಟನೆಯ ಹಿರಿಯರಾಗಿದ್ದ ನಮ್ಮ ಗುರುದತ್ತ್ ಸೋಂಧಿ ಇದನ್ನು ಬಲವಾಗಿ ಖಂಡಿಸಿದ್ದರು. ಅದರಿಂದ ಕೆರಳಿದ ಗುಂಪು ಜಕಾರ್ತಾದ ಭಾರತೀಯ ರಾಯಭಾರ ಕಚೇರಿಯ ಮೇಲೇ ನುಗ್ಗಿತು. ಮರುದಿನ, ಸೆಪ್ಟೆಂಬರ್ 4ರಂದು, ಸೆನಾಯನ್ ಕ್ರೀಡಾಂಗಣದಲ್ಲಿ ಲಕ್ಷದ ಹತ್ತಿರ ಜನ ಸೇರಿ ಭಾರತದ ವಿರುದ್ಧ ಕೂಗುತ್ತಿದ್ದರು. ಅಷ್ಟು ಜನರ ನಡುವೆ ನಮ್ಮವರ ಪರ ಕೂಗಿದವರೆಂದರೆ ಪಾಕಿಸ್ತಾನದ ಹಾಕಿ ತಂಡದವರು ಎಂದು ಆ ಆಟಗಾರರು ಎಷ್ಟೋ ವರ್ಷಗಳ ಮೇಲೂ ನೆನೆಸಿಕೊಳ್ಳುತ್ತಿದ್ದರು.

ಹಿಂದಿನ ರಾತ್ರಿ ಆಟಗಾರರಿಗೆ ನಿದ್ದೆಯಿಲ್ಲ. ರಹೀಂ ಸಾಹೇಬರಿಗೂ ಇಲ್ಲ. ಹುಡುಗರನ್ನು ಕರೆದು ನಾಳೆ ನನಗೊಂದು ಚಿನ್ನದ ಪದಕದ ಉಡುಗೊರೆ ಬೇಕೆಂದು ಕೇಳಿಕೊಂಡರಂತೆ. ಏನನ್ನೂ ಕೇಳದ ಮನುಷ್ಯ ಬಾಯಿಬಿಟ್ಟು ಕೇಳಿದ್ದರು. ಮುಂದಿನ ಏಷ್ಯನ್ ಕೂಟಕ್ಕೆ ತಾವಿರುವುದಿಲ್ಲವೆಂಬುದು ಅವರಿಗೆ ತಿಳಿದಿತ್ತೆಂದೇ ಕಾಣುತ್ತದೆ.

ಫೈನಲ್‌ಗೆ ಎರಡು ನಿರ್ಧಾರ. ಒಂದು, ಜರ್ನೈಲ್ ಮುಂದೆಯೇ ಇರಲಿ. ಎರಡು, ಗೋಲಿಗೆ ತಂಗರಾಜ್ ಮರಳಲಿ. ಎರಡನೆಯದು ಮೊದಲಿಗಿಂತ ಕಷ್ಟದ್ದು. ಬರ್ಮನ್ ಚೆನ್ನಾಗಿ ಆಡಿ ತಂಡವನ್ನು ಫೈನಲ್‌ವರೆಗೆ ತಂದಿದ್ದರು. ತಂಗರಾಜ್ ಆಗಷ್ಟೇ ಜ್ವರದಿಂದ ಎದ್ದವರು. ಗೆಲ್ಲುತ್ತಿರುವ ಗೋಲ್‌ಕೀಪರನ್ನು ಕೊನೆಯ ದಿನ ಕೂರಿಸುವುದು ಯಾರಿಗೂ ಸುಲಭವಲ್ಲ. ಆದರೆ ಕೊರಿಯಾದವರು ಎತ್ತರದ ಚೆಂಡು ಹಾಕಿ ನುಗ್ಗುವವರು, ತಂಗರಾಜ್ ಆರು ಅಡಿ ಮೀರಿದ ಆಳು. ಬರ್ಮನ್ ತಪ್ಪು ಮಾಡಿದ್ದರಿಂದ ಅವರನ್ನು ತೆಗೆಯಲಿಲ್ಲ. ಎದುರಿಗೆ ಬರುವ ಆಟ ಬೇರೆಯೆಂದು ತೆಗೆದರು. ನಾನು ಕಚೇರಿಯಲ್ಲಿ ಗುಮಾಸ್ತನಾಗಿದ್ದಾಗ ಕಂಡದ್ದೆಂದರೆ, ಸರದಿಯಂತೆ, ಹಿಂದಿನ ಕಡತದಂತೆ ಟಿಪ್ಪಣಿ ಬರೆದವನಿಗೆ ಯಾರೂ ಏನೂ ಅನ್ನುವುದಿಲ್ಲ. ರಹೀಂ ಸಾಹೇಬರು ಹಾಗೆ ಬರೆಯಲಿಲ್ಲ. ಸೋತಿದ್ದರೆ ಪೂರ್ತಿ ದೂರು ಅವರ ತಲೆಯ ಮೇಲೆಯೇ ಬೀಳುತ್ತಿತ್ತು.

ಆಟ ಶುರುವಾಗಿ 17ನೆಯ ನಿಮಿಷಕ್ಕೆ ಪಿ.ಕೆ. ಬ್ಯಾನರ್ಜಿ ಗೋಲು. ಮೂರೇ ನಿಮಿಷದಲ್ಲಿ ಎರಡನೆಯದು, ಹೊಡೆದವರು ತಲೆಗೆ ಹೊಲಿಗೆ ಹಾಕಿಸಿಕೊಂಡ ಜರ್ನೈಲ್ ಸಿಂಗ್. ಕೂಗಾಟದ ಕ್ರೀಡಾಂಗಣ ಸುಮ್ಮನಾಯಿತು. ಉಳಿದ ಹೊತ್ತು ಅರುಣ್ ಘೋಷ್, ಚಂದ್ರಶೇಖರನ್, ಕಾಲಿನ ನೋವಿನಲ್ಲೇ ಆಡಿದ ತ್ರಿಲೋಕ್ ಸಿಂಗ್ ಗೋಡೆಯಾಗಿ ನಿಂತರು. ತಂಗರಾಜ್ ಬಂದ ಚೆಂಡುಗಳನ್ನು ತಡೆದರು. ಕೊನೆಯ ನಿಮಿಷಗಳಲ್ಲಿ ಕೊರಿಯಾ ಒಂದು ಗೋಲು ಹೊಡೆಯಿತು, ಎರಡನೆಯದಕ್ಕೆ ಸಮಯ ಉಳಿಯಲಿಲ್ಲ. 2-1. ಭಾರತಕ್ಕೆ ಚಿನ್ನ.

ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲಿನಲ್ಲಿ ಭಾರತ ಮತ್ತೆ ಚಿನ್ನ ಗೆದ್ದಿಲ್ಲ. 1970ರಲ್ಲಿ ಬ್ಯಾಂಕಾಕಿನಲ್ಲಿ ಒಂದು ಕಂಚು, ಅಷ್ಟೆ. 1960ರ ನಂತರ ಒಲಿಂಪಿಕ್ ಫುಟ್‌ಬಾಲಿಗೂ ನಾವು ಹೋಗಿಲ್ಲ.

ಕೊನೆಯ ದಿನಗಳು

ಜಕಾರ್ತಾದಿಂದ ಮರಳಿದ ರಹೀಂ ಸಾಹೇಬರು ಬೇಗನೆ ಹಾಸಿಗೆ ಹಿಡಿದರು. 1963ರ ಜೂನ್ 11ರಂದು ತೀರಿಕೊಂಡರು. ವಯಸ್ಸು 53. ಚಿನ್ನ ಗೆದ್ದು ವರ್ಷವೂ ತುಂಬಿರಲಿಲ್ಲ. ಕೋಚ್‌ಗಳಿಗೆ ಕೊಡುವ ದ್ರೋಣಾಚಾರ್ಯ ಪ್ರಶಸ್ತಿ ಶುರುವಾದದ್ದು 1985ರಲ್ಲಿ, ಅವರು ಹೋಗಿ 22 ವರ್ಷದ ಮೇಲೆ. ಎಷ್ಟೋ ಕಾಲ ಹೈದರಾಬಾದಿನ ಹಳಬರನ್ನೂ ಫುಟ್‌ಬಾಲ್ ಪ್ರಿಯರನ್ನೂ ಬಿಟ್ಟರೆ ಅವರ ಹೆಸರು ಗೊತ್ತಿದ್ದವರೇ ಕಡಿಮೆ. 2024ರಲ್ಲಿ ಅವರ ಬದುಕಿನ ಮೇಲೆ ಮೈದಾನ್ ಎಂಬ ಹಿಂದಿ ಸಿನಿಮಾ ಬಂದಾಗ ಹೊಸಬರಿಗೂ ತಿಳಿಯಿತು. ಅವರು ತಯಾರು ಮಾಡಿದ ಪಿ.ಕೆ. ಬ್ಯಾನರ್ಜಿ, ಅರುಣ್ ಘೋಷ್ ಮುಂತಾದವರು ತಾವೂ ಕೋಚ್‌ಗಳಾಗಿ ಆ ಪಾಠವನ್ನು ಮುಂದಕ್ಕೆ ದಾಟಿಸಿದರು.

ಇಷ್ಟನ್ನು ಬರೆಯುವಾಗ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಗೆದ್ದದ್ದರಿಂದ ಒಂದು ನಿರ್ಧಾರ ಸರಿಯಾಗುವುದಿಲ್ಲ, ಸೋತದ್ದರಿಂದ ತಪ್ಪಾಗುವುದೂ ಇಲ್ಲ. ಜಕಾರ್ತಾದ ಸೆಮಿಫೈನಲ್ 2-2 ಆಗಿದ್ದಾಗ ವಿಯೆಟ್ನಾಂ ಇನ್ನೊಂದು ಹೊಡೆದಿದ್ದರೆ ರಹೀಂ ಸಾಹೇಬರನ್ನು ದೇಶವೆಲ್ಲ ಬೈಯುತ್ತಿತ್ತು. ಆದರೂ ಅವರ ಯೋಚನೆ ಅಷ್ಟೇ ಸರಿಯಾಗಿರುತ್ತಿತ್ತು. ತನ್ನ ಹುಡುಗರಲ್ಲಿ ಯಾರಿಗೆ ಏನು ಬರುತ್ತದೆ, ಯಾರು ಹಿಂದೆ ಎಲ್ಲಿ ಆಡಿದ್ದರು, ಇವತ್ತು ಯಾರ ಮೈ ಏನು ತಾಳುತ್ತದೆ ಎಂಬುದು ಗೆರೆಯಾಚೆ ನಿಂತ ನಮಗಿಂತ ದಿನಾ ಜೊತೆಗಿರುವ ಮೇಷ್ಟ್ರಿಗೇ ಗೊತ್ತಿರುತ್ತದೆ.

ಆದ್ದರಿಂದ ನಮ್ಮ ಹುಡುಗರ ಮೇಷ್ಟ್ರ ಮನೆಗೆ ಹೋಗಿ ಕ್ಷಮೆ ಕೇಳಿ ಬಂದಿದ್ದೇನೆ. ಅವರು ನಕ್ಕು ಚಹಾ ಕೊಟ್ಟರು. ಆ ಎತ್ತರದ ಹುಡುಗ ಶಾಲೆಯ ತಂಡದಲ್ಲಿ ಮುಂಚೂಣಿಯಲ್ಲೇ ಆಡುತ್ತಾನೆ, ನಮ್ಮಲ್ಲಿ ಹಿಂದೆ ನಿಲ್ಲುವವರು ಯಾರೂ ಇಲ್ಲವೆಂದು ಅವನನ್ನು ಅಲ್ಲಿ ನಿಲ್ಲಿಸಿದ್ದೆ ಎಂದು ತಿಳಿಸಿದರು. ನಮಗೆ ಯಾರಿಗಾದರೂ ಇದು ಗೊತ್ತಿತ್ತೇ?

ಬರುವ ರಾಜ್ಯೋತ್ಸವಕ್ಕೆ ಮಕ್ಕಳ ಪಂದ್ಯ ಮತ್ತೆ ಇರುತ್ತದೆ. ಈ ಸಲ ರಹೀಂ ಸಾಹೇಬರ ನೆನಪಿಗೆ ಎರಡು ನಿಯಮ ಇಡೋಣವೆಂದು ಕಾರ್ಯಕಾರಿ ಸಮಿತಿ ಒಪ್ಪಿದೆ. ಮೊದಲ ಹತ್ತು ನಿಮಿಷ ಯಾರೂ ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಓಡುವ ಹಾಗಿಲ್ಲ, ಬಂದ ಕೂಡಲೇ ಕೊಡಬೇಕು. ಎರಡನೆಯ ನಿಯಮ ದೊಡ್ಡವರಿಗೆ: ಪಂದ್ಯ ಮುಗಿಯುವವರೆಗೆ ಗೆರೆಯಾಚೆಯಿಂದ ಮೇಷ್ಟ್ರಿಗೆ ಯಾರೂ ಸಲಹೆ ಕೊಡುವ ಹಾಗಿಲ್ಲ, ಚಪ್ಪಾಳೆ ಮಾತ್ರ. ಈ ಎರಡನೆಯ ನಿಯಮವನ್ನು ಮೊದಲು ಪಾಲಿಸುವವನು ನಾನೇ.

ಎಲ್ಲ ಊರಿನ ಸದಸ್ಯರೂ ಮಕ್ಕಳನ್ನು ಕರೆದುಕೊಂಡು ಬರಬೇಕೆಂದು ಕೋರುತ್ತೇನೆ. ನಿಮ್ಮ ಊರಿನಲ್ಲಿ ಹಳೆಯ ಕಾಲದ ಫುಟ್‌ಬಾಲ್ ಆಟಗಾರರಿದ್ದರೆ, ಬೆಂಗಳೂರು, ಹೈದರಾಬಾದು, ವೆಲ್ಲಿಂಗ್ಟನ್ ತಂಡಗಳ ಆಟ ಕಂಡ ಹಿರಿಯರಿದ್ದರೆ, ಅವರ ನೆನಪುಗಳನ್ನು ಬರೆಸಿ ಕಳಿಸಿ. ಮುಂದಿನ ಸಂಚಿಕೆಗಳಲ್ಲಿ ಹಾಕೋಣ.

ನಿಮ್ಮವನೇ ಆದ,
ಸಂಘದ ಕಾರ್ಯದರ್ಶಿ